ಬಾಣವಿಲ್ಲದ ಹನ್ನೊಂದು ಬಾಕ್ಸ್

ಮಾರ್ಚ್ 2, ಸೋಮವಾರ. ಮಧ್ಯಾಹ್ನ 3.10

ಮತ್ತೆ ಟೋನರ್ ಖಾಲಿ. ಅಮ್ಮ ತರಲು ಹೋಗಿದ್ದಾಳೆ. ಅಂಗಡಿಯಲ್ಲಿ ನಾನೊಬ್ಬಳೇ. ಜೆರಾಕ್ಸ್‌ಗೆ ಬಂದವರಿಗೆಲ್ಲ "ಅರ್ಧ ಗಂಟೆ ಬಿಟ್ಟು ಬನ್ನಿ" ಅನ್ನುವುದೇ ಕೆಲಸ. ಕಂಪ್ಯೂಟರಿನಲ್ಲಿ ಮೂವತ್ತೆಂಟು ಟ್ಯಾಬ್ ತೆರೆದಿದೆ. ಅರ್ಧ ಓದಿದ್ದು, ಕಾಲು ಓದಿದ್ದು, ಬರೀ ಹೆಸರು ಓದಿದ್ದು. ನಾಡಿದ್ದು ಸ್ಟಾಟಿಸ್ಟಿಕ್ಸ್ ಇಂಟರ್ನಲ್ಸ್. ಆ ಪುಸ್ತಕ ಬ್ಯಾಗಿನಿಂದ ಹೊರಗೇ ಬಂದಿಲ್ಲ. ಪಾಪ, ನಿದ್ದೆ ಮಾಡಲಿ.

ಎಲ್ಲ ಶುರುವಾಗಿದ್ದು ಕಾಲೇಜಿನ ಲೈಬ್ರರಿ ಮೇಡಂನಿಂದ. ಕಾಲೇಜು ಮ್ಯಾಗಜೀನಿಗೆ ನಾನು ಕೊಟ್ಟ ಕಥೆ ಓದಿದರಂತೆ.

"ಹೇಗಿತ್ತು ಮೇಡಂ?"

"ಉದ್ದ ಇತ್ತು."

ಅಷ್ಟೇ. ಆಮೇಲೆ ಒಂದು ಚೀಟಿ ಬರೆದು ಕೊಟ್ಟರು. ಹನ್ನೆರಡು ವೆಬ್ ಪತ್ರಿಕೆಗಳ ಹೆಸರು. "ಬರೆಯೋದು ಇದ್ದೇ ಇದೆ. ಮೊದಲು ಓದು," ಅಂದರು. ಓದುತ್ತಿದ್ದೇನೆ. ಒಂದರದ್ದು ಕಪ್ಪು ಪುಟ, ಬಿಳಿ ಅಕ್ಷರ, ಐದು ನಿಮಿಷಕ್ಕೆ ಕಣ್ಣು ಉರಿ. ಇನ್ನೊಂದರಲ್ಲಿ ಕವಿತೆಯ ಸಾಲು ಮುಟ್ಟಿದರೆ ಸಾಲು ಓಡಿಹೋಗುತ್ತದೆ. ಅದರ ಹಿಂದೆ ಮೌಸ್ ಹಿಡಿದು ಕಾಲು ಗಂಟೆ ಓಡಿದೆ. ಯಾರೋ ನನ್ನ ವಯಸ್ಸಿನವಳೇ ಬರೆದಿದ್ದಂತೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಮಾರ್ಚ್ 4

ಇಂಟರ್ನಲ್ಸ್ ಮುಗಿಯಿತು. ನಾನೂ ಮುಗಿದೆ.

ಹೊಸ ಆಟಿಕೆ ಸಿಕ್ಕಿದೆ. ಒಂದು ವೆಬ್‌ಸೈಟ್. ಅಲ್ಲಿ ಬರೆಯುತ್ತಲೇ ಇರಬೇಕು, ಕೈ ಐದು ಸೆಕೆಂಡ್ ನಿಂತರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ನನ್ನಂಥ ಚಂಚಲೆಗೆ ಹೇಳಿ ಮಾಡಿಸಿದ ಹಾಗಿದೆ ಅಂದುಕೊಂಡೆ. ಎರಡು ಪುಟ ಬರೆದೆ. ಅಷ್ಟರಲ್ಲಿ ಒಬ್ಬ ಅಜ್ಜ ಬಂದು "ಆಧಾರ್ ಕಾರ್ಡು ಎರಡು ಕಡೆ ಒಂದೇ ಹಾಳೇಲಿ ಬರಬೇಕು ಕಣಮ್ಮ" ಅಂದರು. ಎದ್ದೆ. ಎರಡು ಪುಟ ಗೋವಿಂದ.

ಅಮ್ಮ ಹೇಳಿದಳು, "ಟೀವಿಯನ್ನೂ ಇಷ್ಟು ಹೊತ್ತು ನೋಡಲ್ಲ ಜನ." ಅಮ್ಮನಿಗೆ ಕಂಪ್ಯೂಟರಿನ ಮೇಲೆ ಕೋಪವಲ್ಲ, ನನ್ನ ಕಣ್ಣಿನ ಮೇಲೆ. ನಾನು ಗಿರಾಕಿಗಳ ಕಾಗದ ಓದುತ್ತೇನೆ ಅನ್ನುವುದು ಅವಳಿಗೆ ಗೊತ್ತು. ಅಪ್ಪ ಹೋದಾಗಿನಿಂದ, ಒಂಬತ್ತು ವರ್ಷ, ಈ ಮಷೀನು ನಡೆಸಿದ್ದಾಳೆ, ಒಂದು ಹಾಳೆ ಓದಿಲ್ಲವಂತೆ. "ನಮ್ಮದು ಕೈಯಿಂದ ಮಾಡೋ ಕೆಲಸ, ಕಣ್ಣಿಂದ ಅಲ್ಲ." ನಾನೋ, ಮಾರ್ಕ್ಸ್ ಕಾರ್ಡು, ಬಾಡಿಗೆ ಕರಾರು, ಯಾರದೋ ರಜಾ ಅರ್ಜಿ... ಎಲ್ಲ ಓದುತ್ತೇನೆ. ಬಿಟ್ಟಿ ಸಾಹಿತ್ಯ.

ಮಾರ್ಚ್ 5

ಅಕ್ಕ ಬಂದಳು! ಒಂದು ದೊಡ್ಡ ಸೂಟ್‌ಕೇಸ್, ಒಂದು ಬ್ಯಾಗು. ಭಾವನಿಗೆ ಬೇರೆ ಊರಲ್ಲಿ ಮೂರು ತಿಂಗಳು ಟ್ರೈನಿಂಗಂತೆ. ಅಲ್ಲಿಯವರೆಗೆ ಇಲ್ಲೇ ಇರುತ್ತಾಳೆ. ನನ್ನ ಮಂಚದಲ್ಲಿ ಅರ್ಧ ಹೋಯಿತು. ಖುಷಿಯಾಗಿದೆ.

ಅಮ್ಮನಿಗೆ ಅಳಿಯನ ಚಿಂತೆ. "ಫೋನ್ ಮಾಡ್ತಾರೇನೇ?" ಅಕ್ಕ ಅಂದಳು, "ಅವರು ಮಾತು ಕಮ್ಮಿ ಅಲ್ವಾ ಅಮ್ಮ." ಅಮ್ಮ ಶುರು ಮಾಡಿದಳು: "ಮಾತು ಬೆಳ್ಳಿ, ಮೌನ ಬಂಗಾರ. ನಮ್ಮ ಅಳಿಯ ಅಪ್ಪಟ ಬಂಗಾರ." ಅಕ್ಕ ಸೂಟ್‌ಕೇಸ್ ಬಿಚ್ಚುತ್ತಲೇ ಇದ್ದಳು.

ಮಾರ್ಚ್ 7, ಶನಿವಾರ

ಹೇಗೆ ಬರೆಯಲಿ.

ಮಧ್ಯಾಹ್ನ ಅಕ್ಕ ಅಂಗಡಿಗೆ ಬಂದು, "ನಂದೊಂದು ಸ್ವಲ್ಪ ಕಾಪಿ ಇದೆ, ನಾನೇ ಮಾಡ್ಕೋತೀನಿ. ನೀನು ಊಟ ಮಾಡ್ಕೊಂಡು ಬಾ ಹೋಗು," ಅಂದಳು. ಹೋದೆ. ನಾನು ಇಳಿದು ಬರುವಾಗ ಅವಳು ಮೇಲೆ ಮನೆಗೆ ಹತ್ತುತ್ತಿದ್ದಳು. ಮಷೀನಿನ ಮುಚ್ಚಳ ಎತ್ತಿದೆ. ಗಾಜಿನ ಮೇಲೆ ಒಂದು ಹಾಳೆ, ಬೋರಲಾಗಿ.

ಇದು ದಿನಕ್ಕೆ ನಾಲ್ಕು ಜನ ಮಾಡುವ ತಪ್ಪು. ಕಾಪಿಗಳನ್ನೆಲ್ಲ ಎಣಿಸಿ ಜೋಪಾನವಾಗಿ ಒಯ್ಯುತ್ತಾರೆ, ಒರಿಜಿನಲ್ ಗಾಜಿನ ಮೇಲೇ ಬಿಟ್ಟು. ಜೆರಾಕ್ಸ್ ಅಂಗಡಿಯಲ್ಲಿ ಬೆಳೆದ ಅಕ್ಕನೂ.

ಓದಿದೆ. ವಿಚ್ಛೇದನದ ಅರ್ಜಿ. ಮೂರನೇ ಪುಟ. ಕೆಳಗೆ ಅಕ್ಕನ ಸಹಿ. ಏಳನೇ ಪ್ಯಾರಾ ಬಾಯಿಪಾಠವೇ ಆಗಿಹೋಗಿದೆ: "ಎದುರುದಾರರು ಅರ್ಜಿದಾರಳೊಂದಿಗೆ ಒಂದೇ ಮನೆಯಲ್ಲಿ ವಾಸವಿದ್ದೂ ಕಳೆದ ಹದಿನಾಲ್ಕು ತಿಂಗಳಿಂದ ಒಂದು ಮಾತನ್ನೂ ಆಡಿರುವುದಿಲ್ಲ. ಬೇಕಾದುದನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸುತ್ತಾರೆ."

ಫ್ರಿಜ್ಜು. ಹೋದ ವರ್ಷ ನಾಲ್ಕು ದಿನ ಅವರ ಮನೆಯಲ್ಲಿದ್ದೆ. ಆ ಚೀಟಿಗಳನ್ನು ನಾನೇ ನೋಡಿದ್ದೇನೆ. "ಹಾಲು ಮುಗಿದಿದೆ." "ನೀಲಿ ಶರ್ಟ್ ಇಸ್ತ್ರಿ." "ಎಂಟಕ್ಕೆ ಬರುವೆ." ನೋಡಿ ನಾನು, ದೊಡ್ಡ ಜಾಣೆ, "ಅಯ್ಯೋ ಎಷ್ಟು ರೊಮ್ಯಾಂಟಿಕ್ ಅಕ್ಕಾ!" ಅಂದಿದ್ದೆ. ಅಕ್ಕ ಏನೋ ಒಗ್ಗರಣೆ ಹಾಕುತ್ತಿದ್ದಳು. ತಿರುಗಲಿಲ್ಲ.

ಹಾಳೆಯನ್ನು ಅಂಗಿಯೊಳಗೆ ಇಟ್ಟುಕೊಂಡು ಮೇಲೆ ಹೋದೆ. ಅಕ್ಕ ಬಟ್ಟೆ ಒಣಹಾಕುತ್ತಿದ್ದಳು. ಬಾಗಿಲ ಹಿಂದಿನ ಅವಳ ಬ್ಯಾಗಿಗೆ ಹಾಳೆ ತುರುಕಿದೆ. ಅವಳ ಹತ್ತಿರ ಹೋದೆ. ಕೇಳಬೇಕು ಅಂತಲೇ ಹೋದೆ. ಬಾಯಿಂದ ಬಂದದ್ದು: "ಅಕ್ಕಾ, ಟೀ ಕುಡಿತೀಯಾ?"

"ಕುಡಿಯೋಣ," ಅಂದಳು.

ಮಾರ್ಚ್ 14

ಒಂದು ವಾರ ಇಲ್ಲಿ ಬರೆಯಲಿಲ್ಲ. ಬೇರೆ ಕಡೆ ಬರೆಯುತ್ತಿದ್ದೆ.

ಮೇಡಂ ಕೊಟ್ಟ ಪಟ್ಟಿಯ ಒಂಬತ್ತನೇ ಪತ್ರಿಕೆ "ಕ್ಲಿಕ್ ಕಥೆ" ಅಂತ ವಿಶೇಷ ಸಂಚಿಕೆ ಮಾಡುತ್ತಿದೆ. ಓದುವವರು ಕ್ಲಿಕ್ ಮಾಡಿದ ಹಾಗೆ ದಾರಿ ಬದಲಾಗುವ ಕಥೆ. ಅದನ್ನು ಕಟ್ಟಲು ಒಂದು ಟೂಲ್ ಇದೆ. ಪರದೆ ತುಂಬ ಬಾಕ್ಸ್. ಒಂದೊಂದು ಬಾಕ್ಸಿನಲ್ಲಿ ಒಂದೊಂದು ತುಣುಕು ಕಥೆ. ಒಂದರಿಂದ ಇನ್ನೊಂದಕ್ಕೆ ಬಾಣ ಎಳೆಯಬೇಕು. ಬಾಣ ಇದ್ದರೆ ಓದುಗ ಅಲ್ಲಿಗೆ ಹೋಗುತ್ತಾನೆ. ಬಾಣ ಇಲ್ಲದ ಬಾಕ್ಸು ಇದ್ದರೂ ಇಲ್ಲದ ಹಾಗೆ.

ಪತ್ರಿಕೆಗೆ ಅಂತ ಲಿಫ್ಟಿನ ಕಥೆ ಕಟ್ಟುತ್ತಿದ್ದೇನೆ. ಒಬ್ಬ ಮನುಷ್ಯ ಲಿಫ್ಟಿನಲ್ಲಿ ಸಿಕ್ಕಿಬೀಳುತ್ತಾನೆ, ಯಾವ ಮಹಡಿ ಒತ್ತಿದರೆ ಯಾವ ಬದುಕು... ಭಾರೀ ಬುದ್ಧಿವಂತಿಕೆಯ ಕಥೆ. ನನಗೇ ಆಕಳಿಕೆ ಬರುತ್ತದೆ.

ಅದೇ ಪರದೆಯ ಮೂಲೆಯಲ್ಲಿ ಬಾಣ ಎಳೆಯದೆ ಇನ್ನೊಂದು ಬರೆಯುತ್ತಿದ್ದೇನೆ. ಬೇರೆ ಪ್ರಾಜೆಕ್ಟಿನಲ್ಲಿ ಬರೆಯೋಣವೆಂದರೆ ಫ್ರೀ ಅಕೌಂಟಿಗೆ ಒಂದೇ ಪ್ರಾಜೆಕ್ಟು. ಗಾಜಿನ ಮೇಲಿನ ಹಾಳೆ ಒಂದು ಬಾಕ್ಸು. ಫ್ರಿಜ್ಜು ಒಂದು. ಅಕ್ಕ ಬಟ್ಟೆ ಒಣಹಾಕುತ್ತ ಅಳುವುದು ಒಂದು. ಕೈ ನಿಲ್ಲುವುದೇ ಇಲ್ಲ, ಐದು ಸೆಕೆಂಡಿನ ಬೆದರಿಕೆಯೂ ಬೇಕಿಲ್ಲ. ಪಕ್ಕದ ಸ್ಟೂಲಿನಲ್ಲಿ ಅಕ್ಕ ಕೂತು ಸ್ಪೈರಲ್ ಬೈಂಡಿಂಗ್ ಮಾಡುತ್ತಿರುತ್ತಾಳೆ. ನಾನು ಪರದೆಯನ್ನು ಸ್ವಲ್ಪ ಆ ಕಡೆ ತಿರುಗಿಸುತ್ತೇನೆ.

ಮಾರ್ಚ್ 23

ಲಿಫ್ಟ್ ಕಥೆ ಕಳಿಸಿದೆ. ಫೈಲ್ ಅಪ್‌ಲೋಡ್, ಸಬ್ಮಿಟ್, "ಧನ್ಯವಾದಗಳು". ಆಮೇಲೆ ಮೇಲ್ ಬಂತೇನೋ ಅಂತ ಇವತ್ತೊಂದೇ ದಿನ ಹತ್ತೊಂಬತ್ತು ಸಲ ನೋಡಿದೆ.

ಅಕ್ಕ ಕೇಳಿದಳು, "ಯಾರೇ ಅದು? ಹುಡುಗನಾ?"

"ಸಂಪಾದಕರು."

"ವಯಸ್ಸೆಷ್ಟು?"

ನಕ್ಕೂ ನಕ್ಕೂ ಸ್ಟೇಪ್ಲರ್ ಬೀಳಿಸಿದೆ. ಎಷ್ಟು ದಿನವಾಗಿತ್ತು ಅವಳು ಹೀಗೆ ಕೀಟಲೆ ಮಾಡಿ. ಆಗಲಾದರೂ ಕೇಳಬಹುದಿತ್ತು.

ಏಪ್ರಿಲ್ 2. ಬೆಳಿಗ್ಗೆ 11

ಮೇಲ್ ಬಂತು. ಪೂರ್ತಿ ಇಳಿಸಿಕೊಳ್ಳುತ್ತೇನೆ:

"ನಮಸ್ಕಾರ. ನಿಮ್ಮ ಕಥೆಯಲ್ಲಿ ಒಂದು ಕಡೆ ಕ್ಲಿಕ್ ಕೆಲಸ ಮಾಡುತ್ತಿರಲಿಲ್ಲ. ಸರಿಪಡಿಸಲು ಫೈಲನ್ನು ಟೂಲ್‌ನಲ್ಲೇ ತೆರೆದೆ. ಲಿಫ್ಟಿನ ಕಥೆ ನಮಗೆ ಬೇಡ. ಆದರೆ ಯಾವುದಕ್ಕೂ ಜೋಡಿಸದ ಹನ್ನೊಂದು ಬಾಕ್ಸ್ ಅಲ್ಲಿದ್ದವು. ಕ್ಷಮಿಸಿ, ಓದಿದೆ. ಎರಡು ಸಲ ಓದಿದೆ. ಅವು ನಿಮ್ಮ ಕಥೆ. ಜೋಡಿಸಿ ಕಳಿಸುತ್ತೀರಾ? ಆರನೇ ತಾರೀಕಿನೊಳಗೆ. — ಸಂಪಾದಕಿ."

ಅಯ್ಯೋ ದೇವರೇ. ಬಾಣ ಇಲ್ಲದ್ದು ಓದುಗರಿಗೆ ಕಾಣುವುದಿಲ್ಲ, ನಿಜ. ಫೈಲ್ ತೆರೆದವರಿಗೆ ಎಲ್ಲ ಕಾಣುತ್ತದೆ! ಅಷ್ಟೂ ತಿಳಿಯದೆ ಹೋಯಿತಲ್ಲ. ಒರಿಜಿನಲ್ ಗಾಜಿನ ಮೇಲೆ ಬಿಟ್ಟುಬಂದೆ ನಾನೂ.

ನಾಚಿಕೆಯಿಂದ ಬಾತ್‌ರೂಮಿನಲ್ಲಿ ಹತ್ತು ನಿಮಿಷ ಕೂತೆ. ಹನ್ನೊಂದನೇ ನಿಮಿಷಕ್ಕೆ ಖುಷಿ ಶುರುವಾಯಿತು. ಎರಡು ಸಲ ಓದಿದರಂತೆ. ಎರಡು ಸಲ!

ಏಪ್ರಿಲ್ 4

ಅಕ್ಕನನ್ನು ಕೇಳಬೇಕು. ಕೇಳದೆ ಕಳಿಸುವುದು ತಪ್ಪು. ಅಮ್ಮನಿಗೆ ಇನ್ನೂ ಹೇಳಿಲ್ಲ ಅವಳು. ಕೆಲಸ ಹುಡುಕುತ್ತಿದ್ದಾಳೆ, ದಿನಾ ಒಂದೊಂದು ಕಡೆ ಅರ್ಜಿ ಹಾಕುತ್ತಾಳೆ, ಅದಾದ ಮೇಲೆ ಹೇಳಬೇಕು ಅಂತಿರಬಹುದು. ನನಗೆ ಹೇಗೆ ಗೊತ್ತು? ಕೇಳಿಲ್ಲವಲ್ಲ.

ಕೇಳಿದರೆ "ನಿಂಗೆ ಯಾವಾಗಿಂದ ಗೊತ್ತು?" ಅನ್ನುತ್ತಾಳೆ.

ಹೆಸರಿಲ್ಲ ಕಥೆಯಲ್ಲಿ. ಊರಿಲ್ಲ. ಅಕ್ಕ ಅಂತಿದೆ ಅಷ್ಟೇ, ಪ್ರಪಂಚದಲ್ಲಿ ಎಷ್ಟು ಜನ ಅಕ್ಕಂದಿರಿಲ್ಲ? ಅಮ್ಮ ವೆಬ್ ಪತ್ರಿಕೆ ಓದುವುದುಂಟೇ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ಗೊತ್ತು, ಗೊತ್ತು.

ಏಪ್ರಿಲ್ 6. ಸಂಜೆ 5.50

ಕಳಿಸಿಬಿಟ್ಟೆ.

ಏಪ್ರಿಲ್ 9

ಒಪ್ಪಿದ್ದಾರೆ. ಇಪ್ಪತ್ತನೇ ತಾರೀಕು ಬೆಳಿಗ್ಗೆ ಒಂಬತ್ತಕ್ಕೆ ಸಂಚಿಕೆ ಬರುತ್ತದೆ. ನನ್ನದೇ ಮೊದಲ ಕಥೆಯಂತೆ. ಲೈಬ್ರರಿ ಮೇಡಂಗೆ ಹೇಳಿದೆ. ಮೊದಲ ಸಲ ನಕ್ಕರು. "ಮನೇಲಿ ಹೇಳಿದ್ಯಾ?" ಅಂತ ಕೇಳಿದರು. "ಹ್ಞೂಂ," ಅಂದೆ. ಎಷ್ಟು ಸಲೀಸಾಗಿ ಬಂತು ಸುಳ್ಳು.

ಕೂತಲ್ಲಿ ಕೂರಲಾಗುತ್ತಿಲ್ಲ. ಒಂದು ಅರ್ಜಿಗೆ ಹತ್ತು ಕಾಪಿ ಕೇಳಿದರೆ ನೂರು ಒತ್ತಿದೆ. ಅಮ್ಮ ಬೈದಳು. ಯಾರಾದರೂ "ಅಕ್ಕ" ಅಂದರೆ ಬೆಚ್ಚುತ್ತೇನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುವುದು ಇದಕ್ಕೇ.

ಏಪ್ರಿಲ್ 11, ಶನಿವಾರ

ಅಕ್ಕ ಓದಿಬಿಟ್ಟಳು.

ನಾನು ಕಾಲೇಜಿಗೆ ಹೋಗಿದ್ದೆ. ಅವಳಿಗೊಂದು ಅಪ್ಲಿಕೇಶನ್ ಪ್ರಿಂಟ್ ಬೇಕಿತ್ತು, ಅಂಗಡಿಯ ಕಂಪ್ಯೂಟರಿಗೆ ಕೂತಿದ್ದಾಳೆ. ಟೂಲ್ ತೆರೆದೇ ಇತ್ತು. ಮೂವತ್ತೆಂಟು ಟ್ಯಾಬಿನ ನಡುವೆ ಅದೇ ಎದುರಿಗೆ. ನಾನು ಬಂದಾಗ ಅವಳು ಪರದೆಯ ಮುಂದೆ, ಕೈ ಮಡಿಲಲ್ಲಿ. ಹನ್ನೊಂದು ಬಾಕ್ಸ್, ಈಗ ಬಾಣ ಸಮೇತ. ಪಕ್ಕದ ಟ್ಯಾಬಿನಲ್ಲಿ ಸಂಪಾದಕಿಯ ಒಪ್ಪಿಗೆಯ ಮೇಲ್.

"ಅಕ್ಕಾ..."

ಎದ್ದಳು. ಪ್ರಿಂಟ್ ಆದ ಹಾಳೆ ತೆಗೆದುಕೊಂಡಳು. ಮುಚ್ಚಳ ಎತ್ತಿ ಗಾಜು ನೋಡಿದಳು, ಮುಚ್ಚಿದಳು. ಹೋದಳು.

ಏಪ್ರಿಲ್ 12

ಮಾತಿಲ್ಲ. ಒಂದೇ ಮಂಚ.

ಏಪ್ರಿಲ್ 13

ಮಾತಿಲ್ಲ. ಅಮ್ಮ ಕೇಳಿದಳು, "ಏನ್ರೇ ಇಬ್ರೂ, ಜಗಳವಾ?" ಇಬ್ಬರೂ ಒಟ್ಟಿಗೆ "ಇಲ್ಲ" ಅಂದೆವು. ಎರಡು ದಿನದಲ್ಲಿ ನಮ್ಮಿಬ್ಬರಿಗೆ ಜೊತೆಯಾಗಿ ಬಂದ ಮಾತು ಅದೊಂದೇ. ಎರಡು ದಿನಕ್ಕೇ ನನಗೆ ಸಾಕಾಗಿಹೋಗಿದೆ. ಹದಿನಾಲ್ಕು ತಿಂಗಳು ಹೇಗೆ ಇದ್ದಳು.

ಏಪ್ರಿಲ್ 14, ಮಂಗಳವಾರ. ಸಂಜೆ

ಅಮ್ಮ ಬ್ಯಾಂಕಿಗೆ ಹೋಗಿದ್ದಳು. ಅಕ್ಕ ಅಂಗಡಿಗೆ ಬಂದು ಸ್ಟೂಲ್ ಎಳೆದು ಕೂತಳು. ನಾನು ಅಳುವುದಕ್ಕೆ ರೆಡಿಯಾಗಿದ್ದೆ. ಬೈಗುಳಕ್ಕೂ.

"ನಾನು ಬಟ್ಟೆ ಒಣಹಾಕ್ತಾ ಅತ್ತೆ ಅಂತ ಬರೆದಿದೀಯ. ನಾನು ಅಳ್ಲಿಲ್ಲ."

"ಕಥೆಗೆ ಅಂತ..."

"ತೆಳ್ಳಗೂ ಮಾಡಿದೀಯ ನನ್ನ. ಅದೊಂದು ಪುಣ್ಯದ ಕೆಲಸ."

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವಳು ನಗಲಿಲ್ಲ.

"ಬರೆದಿದ್ದಕ್ಕೆ ಬೇಜಾರಾಯ್ತು. ಆಗ್ಲಿಲ್ಲ ಅಂತಲ್ಲ. ಕೇಳದೆ ಯಾರಿಗೋ ಕಳಿಸಿದ್ದಕ್ಕೆ ಕಪಾಳಕ್ಕೆ ಕೊಡೋಣ ಅನ್ನಿಸ್ತು. ಆದ್ರೆ ಮೂರು ದಿನದಿಂದ ನನ್ನ ತಲೇಲಿ ಕೊರೀತಿರೋದು ಅದಲ್ಲ ಕಣೇ." ಪರದೆಯ ಕಡೆ ಬೆರಳು ತೋರಿಸಿದಳು. "ಹನ್ನೊಂದು ಬಾಕ್ಸಿದೆ. ಒಂದರಲ್ಲೂ ತಂಗಿ ಬಾಯೇ ಬಿಡಲ್ಲ. ಹಾಳೆ ಓದ್ತಾಳೆ, ಬ್ಯಾಗಿಗೆ ಹಾಕ್ತಾಳೆ, ಟೀ ಮಾಡ್ತಾಳೆ. ಆಮೇಲೆ?"

"ಹೇಗೆ ಕೇಳೋದು ಅಂತ ಗೊತ್ತಾಗ್ಲಿಲ್ಲ ಅಕ್ಕಾ."

"ನಿನ್ನ ಭಾವನೂ ಹಾಗೇ ಅಂತಿದ್ರೇನೋ, ಯಾರಾದ್ರೂ ಕೇಳಿದ್ರೆ." ಪರದೆಯನ್ನು ಆ ಕಡೆ ತಿರುಗಿಸಿದಳು. "ಅಲ್ಲಿಂದ ಓಡಿ ಬಂದೆ ಕಣೇ ನಾನು. ಇಲ್ಲಾದ್ರೂ ಮಾತಿರುತ್ತೆ ಅಂತ. ನಿಂಗೆ ಎಲ್ಲ ಗೊತ್ತಿತ್ತು. ಪಕ್ಕದಲ್ಲೇ ಮಲಗ್ತಿದ್ದೆ. ಅವರು ಹದಿನಾಲ್ಕು ತಿಂಗಳು, ನೀನು ಐದು ವಾರ."

ಏಟು ಹೊಡೆದಿದ್ದರೆ ಚೆನ್ನಾಗಿತ್ತು. ಅತ್ತೆ. ಅವಳು ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ಒಬ್ಬಳು ಹುಡುಗಿ ಬಂದು ಲ್ಯಾಮಿನೇಶನ್ ಕೇಳಿದಳು. ಅಕ್ಕ ಮಾಡಿಕೊಟ್ಟಳು. ನಾನು ಮೂಗೊರೆಸಿಕೊಂಡು ಕೇಳಿದೆ, "ಕಥೆ ವಾಪಸ್ ತಗೊಳ್ಲಾ?"

"ಈಗ ನನ್ನ ಕೇಳ್ತೀಯಾ? ನೀನೇ ಯೋಚನೆ ಮಾಡು."

ಏಪ್ರಿಲ್ 15

ಬೆಳಿಗ್ಗೆಯಿಂದ ನಾಲ್ಕು ಸಲ ಮೇಲ್ ಬರೆದೆ, ನಾಲ್ಕು ಸಲ ಅಳಿಸಿದೆ. ಮೊದಲ ಕಥೆ. ಸಂಚಿಕೆಯ ಮೊದಲ ಪುಟ. ಇದನ್ನು ಬಿಟ್ಟರೆ ಇನ್ನು ಯಾವಾಗ? ಅಕ್ಕ ಬೇಡ ಅಂದಿಲ್ಲವಲ್ಲ, ಅಂತ ಒಂದು ಮನಸ್ಸು. ಬೇಡ ಅನ್ನಿಸಿಕೊಂಡ ಮೇಲೆಯೇ ನಿಲ್ಲಿಸುವವಳಾ ನೀನು, ಅಂತ ಇನ್ನೊಂದು. ಒಂದು ತಲೆಯಲ್ಲಿ ಎರಡು ಕೋತಿ.

ನಾಲ್ಕೂವರೆಗೆ ಕಳಿಸಿದೆ: "ಮೇಡಂ, ಕಥೆ ವಾಪಸ್ ಪಡೆಯುತ್ತೇನೆ. ಅದರಲ್ಲಿರುವವರನ್ನು ನಾನು ಕೇಳಿರಲಿಲ್ಲ."

ಆಮೇಲೆ ಅಂಗಡಿಯ ಹಿಂದೆ, ಪೇಪರ್ ಬಂಡಲ್‌ಗಳ ಮೇಲೆ ಕೂತು ಜೋರಾಗಿ ಅತ್ತೆ. ನಾಚಿಕೆಯಿಂದಲ್ಲ. ನನ್ನ ಕಥೆ ಹೋಯಿತು ಅಂತಲೇ. ಒಳ್ಳೆಯ ಕಥೆ ಅದು.

ಏಪ್ರಿಲ್ 16

ಸಂಪಾದಕಿಯ ಉತ್ತರ: "ಬೇಸರವಾಯಿತು. ಆದರೆ ಸರಿ. ಕೇಳಿದ ಮೇಲೆ, ಅವರೂ ಒಪ್ಪಿದರೆ, ಯಾವಾಗ ಬೇಕಾದರೂ ಕಳಿಸಿ. ಒಂದು ಪ್ರಶ್ನೆ, ಓದಿದಾಗಲೇ ಇತ್ತು: ಆ ತಂಗಿ ಯಾಕೆ ಸುಮ್ಮನಿದ್ದಾಳೆ?"

ಊರಿಗೆಲ್ಲ ಕಾಣುತ್ತಿತ್ತು, ನನಗೊಬ್ಬಳಿಗೇ ಕಂಡಿರಲಿಲ್ಲ.

ಮೇಲ್ ಅನ್ನು ಅಕ್ಕನಿಗೆ ತೋರಿಸಿದೆ. ಎರಡೂ. ನಾನು ಕಳಿಸಿದ್ದು, ಅವರು ಕಳಿಸಿದ್ದು. ಓದಿದಳು. "ಭಾನುವಾರ ಅಮ್ಮನಿಗೆ ಹೇಳ್ತೀನಿ," ಅಂದಳು. ಕೆಲಸ ಸಿಗುವವರೆಗೆ ಕಾಯೋಣ ಅಂತಿದ್ದಳಂತೆ. ಇನ್ನು ಕಾಯಲಾರಳಂತೆ. "ಅಮ್ಮ ನಂಬಲ್ಲ. ಬಂಗಾರ, ಬಂಗಾರ ಅಂತಾಳೆ. ಮಾತು ಕಮ್ಮಿ ಅನ್ನೋದೂ ಒಂದು ತಪ್ಪಾ ಅಂತಾಳೆ. ಆ ಮನೇಲಿ ಬಂದು ಇದ್ದು ನೋಡಿರೋಳು ನೀನೊಬ್ಬಳೇ. ಜೊತೆಗೆ ಕೂತ್ಕೋತೀಯಾ?"

"ಕೂತ್ಕೋತೀನಿ."

"ಬರೀ ಕೂತ್ಕೊಂಡ್ರೆ ಆಗಲ್ಲ."

ಏಪ್ರಿಲ್ 18

ಸ್ಟಾಟಿಸ್ಟಿಕ್ಸ್ ಪುಸ್ತಕ ತೆಗೆದೆ. ಮುಚ್ಚಿದೆ. ಟ್ಯಾಬ್‌ಗಳನ್ನೆಲ್ಲ ಮುಚ್ಚಿದೆ, ಒಂದೊಂದಾಗಿ. ಎಲ್ಲಿಯೂ ನಿಲ್ಲದ ಮನಸ್ಸು. ಮೆಟ್ಟಿಲು ಹತ್ತಿದೆ, ಇಳಿದೆ. ಅಮ್ಮನ ಮುಖ ನೋಡಿದರೆ ಭಯವಾಗುತ್ತದೆ. ನಾಳೆ ಇಷ್ಟು ಹೊತ್ತಿಗೆ ಆ ಮುಖ ಹೇಗಿರುತ್ತದೋ.

ಏಪ್ರಿಲ್ 19, ಭಾನುವಾರ. ಬೆಳಿಗ್ಗೆ 10.40

ಅಂಗಡಿಗೆ ರಜಾ. ಅಮ್ಮ ತಲೆಗೆ ಸ್ನಾನ ಮಾಡಿ ಕೂದಲು ಒಣಗಿಸುತ್ತಿದ್ದಾಳೆ. ಹನ್ನೊಂದಕ್ಕೆ ಅಂತ ಮಾತಾಗಿದೆ. ನಾನು ಏನು ಹೇಳಬೇಕು ಅಂತ ಇಲ್ಲಿ ಬರೆದು ನೋಡುತ್ತಿದ್ದೇನೆ.

"ಅಮ್ಮ, ಹೋದ ವರ್ಷ ನಾನು ಅವರ ಮನೆಗೆ ಹೋದಾಗ..." ಇದು ಕಥೆಯ ಹಾಗಿದೆ.

"ಅಮ್ಮ, ಭಾವ ಒಳ್ಳೆಯವರಿರಬಹುದು, ಆದರೆ..." ಛೆ. ಇದು ಯಾರ ಪರ?

"ಅಮ್ಮ, ನಾಲ್ಕು ದಿನ ಇದ್ದೆ. ನಾಲ್ಕು ದಿನದಲ್ಲಿ ಅವರು ಅಕ್ಕನ ಜೊತೆ ಒಂದು ಮಾತೂ ಆಡಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ನನಗೆ ಅದು ತಮಾಷೆಯಾಗಿ ಕಂಡಿತ್ತು." ಇದು ಪರವಾಗಿಲ್ಲ. ಕೊನೆಯ ವಾಕ್ಯ ಬಿಟ್ಟುಬಿಡೋಣ ಅನ್ನಿಸುತ್ತದೆ. ಹೇಳಲೇಬೇಕು.

ಅಕ್ಕ ಬಾಗಿಲಲ್ಲಿ ನಿಂತಿದ್ದಾಳೆ. "ಇನ್ನೂ ಬರೀತಾನೇ ಇದೀಯಾ?"

ಒಳಗೆ ಅಮ್ಮ, "ಏನ್ರೇ ಅದು ಗುಸುಗುಸು? ಯಾರಿಗೇನಾಯ್ತು?"

ಅಕ್ಕನ ಕೈ ನೋಡಿದೆ. ಸೆರಗನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಾಳೆ. ಹೆದರಿದ್ದಾಳೆ. ನನಗಿಂತ ಎಂಟು ವರ್ಷ ದೊಡ್ಡವಳು, ನನ್ನ ಮುಖವನ್ನೇ ನೋಡುತ್ತಿದ್ದಾಳೆ.

ಬಂದೆ ಅಂದೆ, ಬಾಯಿಬಿಟ್ಟು. ಇನ್ನು ಈ ಪೆನ್ನು ಕೆಳಗೆ.